ಒಳಕ್ಕೆ ಚುಚ್ಚಿದ ಚೀಟಿ

ನಮ್ಮತ್ತೆ ಅಳತೆ ತೆಗೆಯುವಾಗ ಬಾಯಿ ಬಿಡುತ್ತಿರಲಿಲ್ಲ. ಬೇರೆ ಟೈಲರ್‌ಗಳು ಟೇಪು ಹಿಡಿದು “ಎದೆ ಮೂವತ್ತೆಂಟು, ಸೊಂಟ ಮೂವತ್ನಾಲ್ಕು” ಎಂದು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗುತ್ತಾರೆ, ಪಕ್ಕದಲ್ಲಿ ಕೂತವರು ಬರೆದುಕೊಳ್ಳುತ್ತಾರೆ. ನಮ್ಮತ್ತೆ ಹಾಗಲ್ಲ. ಟೇಪು ಸುತ್ತಿ, ಅಂಕಿ ನೋಡಿ, ಟೇಪು ಸಡಿಲಿಸಿ, ಮೇಜಿನ ಮೇಲಿದ್ದ ಚೀಟಿಯಲ್ಲಿ ತಾವೇ ಪೆನ್ಸಿಲಿನಿಂದ ಬರೆಯುತ್ತಿದ್ದರು. ಹನ್ನೆರಡು ಅಳತೆಗೆ ಹನ್ನೆರಡು ಸಲ ಬಗ್ಗಿ ಏಳುತ್ತಿದ್ದರು. “ನಾನು ಬರ್ಕೊಳ್ತೀನಿ ಅತ್ತೆ, ನೀವು ಹೇಳಿ ಸಾಕು” ಅಂದರೆ, “ನಿನ್ನ ಕೈ ಚೆನ್ನಾಗಿದೆ ಕಣೇ, ನನ್ನ ಬಾಯೇ ಚೆನ್ನಾಗಿಲ್ಲ. ಒಂದ್ಸಲ ತೆಗೆದ್ರೆ ಮುಚ್ಚಲ್ಲ” ಎನ್ನುತ್ತಿದ್ದರು. ಅದು ಶುದ್ಧ ಸುಳ್ಳು. ಅವರಷ್ಟು ಬಾಯಿ ಬಿಗಿಹಿಡಿದ ಹೆಂಗಸನ್ನು ನಾನು ಕಂಡಿಲ್ಲ.

ಕೊರಳಲ್ಲಿ ಯಾವಾಗಲೂ ಹಳದಿ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವರನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಎರಡು ಹೊಲಿಗೆ ಯಂತ್ರ, ಗೋಡೆಗೆ ಉದ್ದದ ಕಬ್ಬಿಣದ ಸರಳು, ಅದಕ್ಕೆ ನೇತುಹಾಕಿದ ಸಿದ್ಧ ಬಟ್ಟೆಗಳು, ಮೂಲೆಯಲ್ಲಿ ದಪ್ಪ ಹಸಿರು ಪರದೆ. ಪರದೆಯ ಒಳಗೆ ಬಟ್ಟೆ ಹೊಲಿಸುವವಳು ಮತ್ತು ನಮ್ಮತ್ತೆ, ಇಬ್ಬರೇ. ಗಂಡ ಜೊತೆಗೆ ಬಂದಿದ್ದರೆ ಹೊಸ್ತಿಲಾಚೆ ನಿಲ್ಲಬೇಕು. ಒಬ್ಬ ಮಹಾರಾಯ ಹೆಂಡತಿಗೆ ತಿಳಿಯದ ಹಾಗೆ ಡ್ರೆಸ್ ಕೊಡಿಸಬೇಕು, ಅವಳ ಅಳತೆ ಹೇಳಿ ಎಂದು ಕೇಳಿಕೊಂಡು ಬಂದ. “ಹದಿನೈದು ವರ್ಷ ಜೊತೆಗಿದ್ದೀರಿ. ನಿಮಗೇ ಗೊತ್ತಿಲ್ಲ ಅಂದ್ರೆ ನಾನ್ಯಾಕೆ ಹೇಳ್ಲಿ” ಎಂದು ಕಳಿಸಿದರು. ಅದನ್ನು ಹೇಳಿಕೊಂಡು ಬೀದಿಯವರು ವರ್ಷಗಟ್ಟಲೆ ನಕ್ಕರು.

ಮೈ ಏನನ್ನು ಮುಚ್ಚಿಟ್ಟರೂ ಹೊಲಿಯುವವರಿಗೆ ತಿಳಿಯುತ್ತದೆ. ಯಾವ ಹುಡುಗಿ ಊಟ ಬಿಟ್ಟಿದ್ದಾಳೆ, ಯಾರಿಗೆ ಮೂರನೇ ತಿಂಗಳು, ಯಾರ ತೋಳಿನ ಮೇಲೆ ಹಿಡಿದೆಳೆದ ಗುರುತಿದೆ, ಎಲ್ಲ ಅತ್ತೆಗೆ ಮೊದಲು ಗೊತ್ತಾಗುತ್ತಿತ್ತು. ಗೊತ್ತಾದದ್ದು ಅಲ್ಲೇ ಉಳಿಯುತ್ತಿತ್ತು. ದಪ್ಪಗಾದವರಿಗೆ “ಈ ಬಟ್ಟೆ ಒಗೆದಷ್ಟೂ ಕುಗ್ಗುತ್ತೆ, ಕಂಪನಿಯವರು ಮೋಸಗಾರರು” ಎಂದು ಬಟ್ಟೆಯ ಮೇಲೆ ತಪ್ಪು ಹೊರಿಸಿ ಹೊಲಿಗೆ ಬಿಚ್ಚಿ ಕೊಡುತ್ತಿದ್ದರು. ತೋಳಿನ ಮೇಲೆ ಗುರುತಿದ್ದವಳಿಗೆ ಕೇಳದೆಯೇ ತೋಳು ಉದ್ದ ಇಡುತ್ತಿದ್ದರು. ಹಾಗೆ ಇಟ್ಟು, ಅವಳ ಕೈ ಒಂದು ನಿಮಿಷ ಹಿಡಿದುಕೊಂಡು, “ನನ್ನ ಬಾಗಿಲು ಹಗಲೆಲ್ಲ ತೆರೆದೇ ಇರುತ್ತೆ” ಎಂದಷ್ಟೇ ಹೇಳುತ್ತಿದ್ದರು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬಟ್ಟೆ ಸಿದ್ಧವಾದ ಮೇಲೆ ಅದರ ಅಳತೆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ಮೇಲಿನ ಮಡಿಕೆಯಲ್ಲಿ ಹೆಸರು ಮಾತ್ರ ಕಾಣುವಂತೆ ಕೊರಳಪಟ್ಟಿಗೆ ಪಿನ್ನು ಚುಚ್ಚಿ ಸರಳಿಗೆ ಹಾಕುವುದು. ಬಟ್ಟೆ ಒಯ್ಯಲು ಬಂದಾಗ ಅತ್ತೆ ಮೊದಲು ಚೀಟಿ ಬಿಚ್ಚಿ ಅವರ ಕೈಗೆ ಕೊಡುತ್ತಿದ್ದರು. “ಇದು ನಿಮ್ದು, ಹರಿದು ಹಾಕ್ತೀರೋ ಇಟ್ಕೊಳ್ತೀರೋ ನೋಡಿ” ಎನ್ನುತ್ತಿದ್ದರು. ಅಳತೆಯ ಪುಸ್ತಕ ಬೇರೆ ಇತ್ತು; ಅದು ಬೀಗ ಹಾಕಿದ ತಗಡಿನ ಪೆಟ್ಟಿಗೆಯಲ್ಲಿ, ಕೀಲಿ ಅವರ ಸೊಂಟದಲ್ಲಿ.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಎಲ್ಲ ಅವರೇ ಕಲಿಸಿದರು. ಪ್ರತಿಯಾಗಿ ನಾನು ಕಲಿಸಿದ್ದು ಫೋನು. ಕಲಿಸಿದೆ ಎನ್ನುವುದೂ ದೊಡ್ಡ ಮಾತು. ಕರೆ ಬಂದರೆ ಹಸಿರು ಎಳೆಯುವುದು, ಮುಗಿದರೆ ಕೆಂಪು ಒತ್ತುವುದು, ಅಲ್ಲಿಗೆ ಅವರ ವಿದ್ಯೆ ಮುಗಿಯಿತು. ನನಗೋ ಈ ವಿಷಯದಲ್ಲಿ ಭಾರಿ ಜಂಬ. ಮನೆಯ ಮೂರೂ ಫೋನಿಗೆ ಬೀಗ ಹಾಕಿದವಳು ನಾನು. ಹುಟ್ಟಿದ ದಿನಾಂಕವನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದ ಗಂಡನಿಗೆ ಎರಡು ದಿನ ಬೈದು, ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿಸಿ ಹದಿನಾಲ್ಕರ ಉದ್ದದ ಪಾಸ್‌ವರ್ಡ್ ಇಡಿಸಿದವಳು ನಾನು. ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಬ್ಯಾಂಕಿನವರು ಅಂತ ಯಾರೇ ಕರೆ ಮಾಡಿದರೂ ಓಟಿಪಿ ಹೇಳಬೇಡಿ ಎಂದು ಅತ್ತೆಗೆ ದಿನವೂ ಪಾಠ. ಒಂದು ದಿನ ಅವರಿಗೆ ಸಾಕಾಗಿ ಹೋಯಿತು.

“ನಲವತ್ತು ವರ್ಷದಿಂದ ಈ ಬೀದೀಲಿ ಒಬ್ಬರ ಸೊಂಟದ ಅಳತೆ ಇನ್ನೊಬ್ಬರಿಗೆ ಹೇಳಿಲ್ಲ ನಾನು. ಆರು ಅಂಕಿ ಹೇಳ್ಬಿಡ್ತೀನಾ?” ಎಂದರು.

ನಾನು ನಕ್ಕೆ. ಕಳ್ಳ ಬಂದರೆ ಹೊರಗಿನಿಂದ ಬರುತ್ತಾನೆ, ಬಾಗಿಲು ಭದ್ರವಾಗಿದ್ದರೆ ಮುಗಿಯಿತು ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ ಇತ್ತು.

ಅತ್ತೆಯ ಫೋನಿನಲ್ಲಿ ಅಂಗಡಿಯ ಗುಂಪು ಕಟ್ಟಿದವಳೂ ನಾನೇ. ನಮ್ಮಲ್ಲಿ ಹೊಲಿಸುವ ನೂರಾ ಹನ್ನೆರಡು ಹೆಂಗಸರು ಅದರಲ್ಲಿದ್ದರು. ಬಟ್ಟೆ ಸಿದ್ಧವಾದಾಗ ಸರಳಿನ ಫೋಟೋ ತೆಗೆದು ಹಾಕಿದರೆ ಸಾಕು; ತಮ್ಮ ಬಟ್ಟೆ ಗುರುತು ಹಿಡಿದು ಬಂದು ಒಯ್ಯುತ್ತಿದ್ದರು. “ಆಯ್ತಾ ಟೇಪಕ್ಕ, ಆಯ್ತಾ ಟೇಪಕ್ಕ” ಎಂದು ದಿನಕ್ಕೆ ಇಪ್ಪತ್ತು ಕರೆ ಬರುವುದು ತಪ್ಪಿತು. ಅತ್ತೆಯೂ ಒಪ್ಪಿಕೊಂಡಿದ್ದರು.

ಈಗ ಭೂಗೋಳದ ಟೀಚರ್ ವಿಷಯ. ಇದು ನನಗೆ ತಿಳಿದದ್ದು ಎಲ್ಲ ಕೆಟ್ಟ ಮೇಲೆ. ಆದರೆ ಓದುವವರಿಗೆ ಮೊದಲೇ ಗೊತ್ತಿರಬೇಕು, ಆದ್ದರಿಂದ ಈಗಲೇ ಹೇಳುತ್ತೇನೆ.

ಅವರು ಹುಡುಗಿಯರ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ನಲವತ್ತರ ಆಸುಪಾಸು, ಮದುವೆಯಾಗಿರಲಿಲ್ಲ, ವಯಸ್ಸಾದ ತಾಯಿಯ ಜೊತೆ ನಮ್ಮ ಹಿಂದಿನ ಬೀದಿಯಲ್ಲಿ ಮನೆ. ಅವರ ತಂಗಿ ಎದೆಯ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು, ತಾಯಿಯ ತೊಡೆಯ ಮೇಲೆ. ಆ ತಾಯಿ ಅದರಿಂದ ಎದ್ದು ಕೂರಲು ಎರಡು ವರ್ಷ ಹಿಡಿಯಿತು. ಎದ್ದು ಕೂತರು ಎನ್ನುವಾಗ ಟೀಚರಿಗೂ ಅದೇ ಗಂಟು ಕಾಣಿಸಿಕೊಂಡಿತು. ಅವರು ತಾಯಿಗೆ ಹೇಳಲಿಲ್ಲ. ಬೇರೆ ಊರಿನಲ್ಲಿ ಎರಡು ತಿಂಗಳ ತರಬೇತಿ ಇದೆ ಎಂದು ಸುಳ್ಳು ಹೇಳಿ, ಒಬ್ಬರೇ ಹೋಗಿ ಆಪರೇಷನ್ ಮಾಡಿಸಿಕೊಂಡು, ಎಡದ ಎದೆ ಕಳೆದುಕೊಂಡು ವಾಪಸ್ಸು ಬಂದರು. ಡಾಕ್ಟರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನಮ್ಮತ್ತೆಗೆ ಮಾತ್ರ.

ಆಸ್ಪತ್ರೆಯವರು ಕೊಟ್ಟ ರಬ್ಬರಿನ ಕೃತಕ ಎದೆ ಚರ್ಮಕ್ಕೆ ಒಗ್ಗಲಿಲ್ಲವಂತೆ. ಅದಕ್ಕೇ ಟೇಪಕ್ಕನ ಹತ್ತಿರ ಬಂದರು. ನಮ್ಮತ್ತೆ ಮೂರು ವಾರ ಅದರ ಹಿಂದೆ ಬಿದ್ದರು. ಬರೀ ಹತ್ತಿ ತುಂಬಿದರೆ ಹಗುರವಾಗಿ ಮೇಲಕ್ಕೆ ಸರಿಯುತ್ತಿತ್ತು. ಅಕ್ಕಿ ಹಾಕಿದರೆ ಒರಟು. ಕೊನೆಗೆ ಸಾಸಿವೆಯನ್ನು ಬಿಸಿ ಮಾಡಿ ಆರಿಸಿ, ಹತ್ತಿಯ ನಡುವೆ ಹಾಕಿ, ಮೆತ್ತನೆಯ ಚೀಲ ಹೊಲಿದು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ ಸರಿಮಾಡಿದರು. “ಹೆಗಲು ಒಂದು ಕಡೆ ವಾಲಬಾರದು. ತಾಯಿ ಅಪ್ಪಿಕೊಂಡ್ರೂ ಗೊತ್ತಾಗಬಾರದು” ಎಂಬುದು ಅವರ ಲೆಕ್ಕ. ಆ ಕಾಲದಲ್ಲಿ ತಕ್ಕಡಿ ಯಾಕೆ ಯಾವಾಗಲೂ ಹೊಲಿಗೆ ಕೋಣೆಯಲ್ಲಿರುತ್ತದೆ ಎಂದು ನಾನು ಗೊಣಗಿದ್ದು ನೆನಪಿದೆ.

ಮೂರು ವರ್ಷ ಯಾರಿಗೂ ತಿಳಿಯಲಿಲ್ಲ. ಟೀಚರ್ ನೆಟ್ಟಗೆ ನಡೆದರು, ನಕ್ಷೆ ತೋರಿಸಿದರು, ಮನೆಗೆ ಹೋಗಿ ತಾಯಿಯ ಪಕ್ಕದಲ್ಲಿ ಕೂತರು. ಅವರ ಬ್ಲೌಸಿನ ಚೀಟಿಯನ್ನು ಅತ್ತೆ ಎಂದೂ ಹೊರಗೆ ಚುಚ್ಚುತ್ತಿರಲಿಲ್ಲ. ಮೇಲಿನ ಮಡಿಕೆಯಲ್ಲಿ ಹೆಸರೂ ಇರುತ್ತಿರಲಿಲ್ಲ. ಬಟ್ಟೆಯ ಒಳಗೆ, ಒಳಮುಖವಾಗಿ ಚುಚ್ಚಿ, ಬೀರುವಿನಲ್ಲಿ ಇಡುತ್ತಿದ್ದರು.

ಆ ವರ್ಷ ಅತ್ತೆಯ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಕಪ್ಪು ಕನ್ನಡಕ, ಬಗ್ಗಬಾರದು, ಧೂಳಿಗೆ ಹೋಗಬಾರದು, ಒಂದು ತಿಂಗಳು ಯಂತ್ರ ಮುಟ್ಟಬಾರದು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅತ್ತೆ ಟೀಚರ್ ಬ್ಲೌಸನ್ನು ಮುಗಿಸಿದ್ದರು. ಕಣ್ಣು ಹೇಗಾಗುತ್ತದೋ, ಮರೆತರೆ ಕಷ್ಟ ಎಂದು ಆ ಸಲ ಮಾತ್ರ ಚೀಟಿಯ ಒಳಗೆ ಎಲ್ಲವನ್ನೂ ಬರೆದಿಟ್ಟಿದ್ದರು. ನನಗೆ ಹೇಳಿದ್ದು ಒಂದೇ ಮಾತು: “ಬೀರುವಿನಲ್ಲಿರೋ ನೀಲಿ ಬ್ಲೌಸ್ ಮುಟ್ಬೇಡ. ನಾನೇ ಕೊಡ್ತೀನಿ.”

ಮುಟ್ಟಿದೆ. ಅತ್ತೆ ಮಲಗಿದ್ದಾಗ ಅಂಗಡಿಯನ್ನು ನಾನೊಬ್ಬಳೇ ಎಷ್ಟು ಚೆನ್ನಾಗಿ ನಡೆಸುತ್ತೇನೆ ಎಂದು ತೋರಿಸಬೇಕಿತ್ತಲ್ಲ. ಮುಗಿದ ಬಟ್ಟೆ ಬೀರುವಿನಲ್ಲಿ ಯಾಕೆ ಕೊಳೆಯಬೇಕು ಎಂದು ಹೊರಗೆ ತೆಗೆದು ಇಸ್ತ್ರಿ ಹಾಕಿದೆ. ಒಳಗೆ ಪಿನ್ನು ಕೈಗೆ ತಾಗಿತು. ಚೀಟಿ ಒಳಗೆ ಸೇರಿಕೊಂಡಿದೆ, ಪಾಪ ಅತ್ತೆಗೆ ಕಣ್ಣು ಕಾಣದೆ ಹೀಗೆ ಚುಚ್ಚಿದ್ದಾರೆ ಎಂದುಕೊಂಡೆ. ತೆಗೆದರೆ ಮೇಲಿನ ಮಡಿಕೆಯಲ್ಲಿ ಹೆಸರಿಲ್ಲ. ಬಿಡಿಸಿದೆ, ಮೊದಲ ಸಾಲಿನಲ್ಲಿ “ಭೂಗೋಳ ಟೀಚರ್” ಎಂದಿತ್ತು. ಹೆಸರು ಕಾಣಲಿ ಎಂದು ಮಡಿಸದೆ, ಬಿಡಿಸಿದ ಹಾಗೇ, ಹೊರಗಡೆ ಕೊರಳಿಗೆ ಚುಚ್ಚಿದೆ. ಕೆಳಗಿನ ಸಾಲು ಓದಲಿಲ್ಲ. ಇಸ್ತ್ರಿಪೆಟ್ಟಿಗೆ ಕಾದಿತ್ತು, ಇನ್ನೂ ನಾಲ್ಕು ಬಟ್ಟೆ ಬಾಕಿ ಇದ್ದವು. ಒಂಬತ್ತು ಬಟ್ಟೆ ಸರಳಿಗೆ ಹಾಕಿ, ಫೋಟೋ ತೆಗೆದು, “ನಿಮ್ಮ ಬಟ್ಟೆ ರೆಡಿ” ಎಂದು ಬರೆದು ಗುಂಪಿಗೆ ಕಳಿಸಿದೆ. ಬೆಳಿಗ್ಗೆ ಹನ್ನೊಂದು ಗಂಟೆ. ಫೋನನ್ನು ಚಾರ್ಜಿಗೆ ಹಾಕಿ ಅಂಚು ಹೊಲಿಯಲು ಕೂತೆ.

ನಾಲ್ಕು ಗಂಟೆಗೆ ಫೋನು ತೆರೆದರೆ ಗುಂಪಿನ ತುಂಬ ಮಾತು. ಆ ಕ್ಯಾಮೆರಾ ಒಳ್ಳೆಯದು. ಎರಡು ಬೆರಳಿಂದ ಎಳೆದು ದೊಡ್ಡದು ಮಾಡಿದರೆ ಪೆನ್ಸಿಲಿನ ಅಕ್ಷರವೂ ಓದಬಹುದಿತ್ತು. ಬೇಕರಿಯವಳು ಓದಿದ್ದಳು. “ಬ್ಲೌಸಿಗೆ ಸಾಸಿವೆ ಯಾಕೆ, ಒಗ್ಗರಣೆ ಹಾಕೋಕಾ?” ಎಂದು ಬರೆದು ನಗುವ ಮುಖಗಳನ್ನು ಹಾಕಿದ್ದಳು. ಅದರ ಕೆಳಗೆ ಹತ್ತು ಜನ ನಕ್ಕಿದ್ದರು. ಹನ್ನೊಂದನೆಯವಳು ನಗಲಿಲ್ಲ. “ಎಡಗಡೆ ಒಳಚೀಲ, ಆಪರೇಷನ್ ಗುರುತಿಗೆ ಮೆತ್ತನೆ ಬಟ್ಟೆ ಅಂತ ಬರೆದಿದೆ ನೋಡಿ. ಅಯ್ಯೋ ಪಾಪ, ಅದಾ ವಿಷಯ” ಎಂದಿದ್ದಳು. ಆಮೇಲೆ ಕೈಮುಗಿದ ಚಿತ್ರಗಳು. ಎಲ್ಲರಿಗೂ ಅಳಿಸು ಎಂಬುದನ್ನು ಒತ್ತಿದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಅತ್ತೆ ಒಳಗಿನ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿ ಕೂತಿದ್ದರು. ಹೇಳಿದೆ. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಅಳಿಸ್ದೆ ಅಂದ್ಯಲ್ಲ. ಹೋಯ್ತಾ?”

“ಗುಂಪಿಂದ ಹೋಯ್ತು ಅತ್ತೆ. ಆದ್ರೆ ಕೆಲವರ ಫೋನಲ್ಲಿ ಚಿತ್ರ ತಾನಾಗೇ ಒಳಗೆ ಉಳ್ಕೊಂಡಿರುತ್ತೆ. ಕೆಲವರು ಬೇರೆಯವರಿಗೆ ಕಳಿಸಿರ್ತಾರೆ.”

“ಮತ್ತೆ ಅಳಿಸೋದು ಅಂತ ಯಾಕೆ ಅಂತಾರೆ ಅದಕ್ಕೆ?” ಎಂದರು. ಆಗ ಅವರು ಟೀಚರ್ ಕತೆಯನ್ನು ಪೂರ್ತಿ ಹೇಳಿದರು. ಹೇಳಿ ಮುಗಿಸಿ, ಚಪ್ಪಲಿ ಕೊಡು ಎಂದರು.

ಅರ್ಧ ಗಂಟೆಯಲ್ಲಿ ನಾವಿಬ್ಬರೂ ಟೀಚರ್ ಮನೆಯ ಗೇಟಿನ ಬಳಿ ನಿಂತಿದ್ದೆವು. ಅವರು ಆಗಷ್ಟೇ ಶಾಲೆಯಿಂದ ಬಂದಿದ್ದರು, ಹೆಗಲಿನ ಚೀಲ ಇನ್ನೂ ಇಳಿಸಿರಲಿಲ್ಲ. “ಟೀಚರ್, ನನ್ನ ಕೈಯಿಂದ ದೊಡ್ಡ ತಪ್ಪಾಯ್ತು” ಎಂದು ಅತ್ತೆ ಶುರು ಮಾಡಿದರು. ನಾನು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟನ್ನು ಹಿಡಿದು ಒತ್ತಿದರು. ನಲವತ್ತು ವರ್ಷ ಕತ್ತರಿ ಹಿಡಿದ ಕೈ ಅದು. ನಾನು ಬಾಯಿ ಮುಚ್ಚಿದೆ. ನೋವಿಗೆ ಮುಚ್ಚಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ನಾನು ಹೇಡಿ, ಅದಕ್ಕೇ ಮುಚ್ಚಿದೆ.

ಟೀಚರ್ ಎಲ್ಲ ಕೇಳಿದರು. ಅತ್ತೆಯ ಕಪ್ಪು ಕನ್ನಡಕವನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ಒಂದು ಕ್ಷಣ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಸೆರಗಿನ ಅಂಚು ತಿರುಚುತ್ತ ನಿಂತಿದ್ದೆ.

“ಶಾಲೆಯವರು ಏನಾದ್ರೂ ಅಂದ್ಕೊಳ್ಲಿ ಅಕ್ಕಾ. ಮಕ್ಕಳು ನಾಲ್ಕು ದಿನ ಪಿಸುಗುಟ್ತಾರೆ, ಸುಮ್ಮನಾಗ್ತಾರೆ. ಅಮ್ಮನ ಕಿವಿಗೆ ಬೀಳಬಾರದು, ಅಷ್ಟೆ. ಇನ್ನೊಂದು ಸಲ ಅವಳ ಕೈಲಿ ತಡ್ಕೊಳ್ಳೋಕಾಗಲ್ಲ” ಎಂದರು.

ಒಳಗಿನಿಂದ ತಾಯಿಯ ದನಿ ಬಂತು. “ಯಾರೇ ಅದು?”

“ಟೇಪಕ್ಕ ಅಮ್ಮ. ಬ್ಲೌಸ್ ಆಯ್ತು ಅಂತ ಹೇಳೋಕೆ ಬಂದಿದ್ರು.”

“ಗೇಟಲ್ಲೇ ನಿಲ್ಲಿಸಿ ಮಾತಾಡ್ತೀಯಲ್ಲ, ಒಳಗೆ ಕರಿ” ಎಂದರು ಆ ಮುದುಕಿ. ನಮಗೆ ಒಳಗೆ ಹೋಗಲು ಮುಖವಿರಲಿಲ್ಲ.

ಮಾರನೆಯ ಬೆಳಿಗ್ಗೆಯಿಂದ ಮನೆ ಮನೆ ಸುತ್ತಿದೆವು. ನೂರಾ ಹನ್ನೆರಡು ಹೆಸರು ನಾನು ಬರೆದುಕೊಂಡಿದ್ದೆ. ಡಾಕ್ಟರು ಬಿಸಿಲು ಬೇಡ, ಧೂಳು ಬೇಡ ಎಂದಿದ್ದರು, ಅತ್ತೆ ಕೇಳಲಿಲ್ಲ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ನನ್ನ ತೋಳಿನ ಮೇಲೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು. “ವಯಸ್ಸಾಯ್ತು ನೋಡಮ್ಮ, ಬೆರಳು ಎಲ್ಲೋ ತಾಗಿ ನಾನು ಒಂದು ಚಿತ್ರ ಹಾಕ್ಬಿಟ್ಟೆ. ನನ್ನ ಕಣ್ಣ ಮುಂದೆ ಅದನ್ನ ಅಳಿಸಿಬಿಡು. ಯಾರಿಗಾದ್ರೂ ಕಳಿಸಿದ್ರೆ ಅವರಿಗೂ ಹೇಳು. ಆ ಮಾತು ಮನೆ ದಾಟಿಸಬೇಡ.” ಕಣ್ಣ ಮುಂದೆ ಎನ್ನುತ್ತಿದ್ದರು, ಆ ಕಣ್ಣಿಗೋ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ನೋಡುತ್ತಿದ್ದವಳು ನಾನು.

ಬೇಕರಿಯವಳು ಅತ್ತುಬಿಟ್ಟಳು. ತಮಾಷೆಗೆ ಬರೆದೆ ಅಕ್ಕಾ, ಗೊತ್ತಿರಲಿಲ್ಲ ಎಂದು ಫೋನನ್ನೇ ನಮ್ಮ ಕೈಗೆ ಕೊಟ್ಟಳು. ನಾನು ನೋಡೇ ಇಲ್ಲ ಎಂದವಳ ಫೋನಿನಲ್ಲಿ ಚಿತ್ರ ಮೂರು ಕಡೆ ಇತ್ತು. ಒಬ್ಬಳು ತನ್ನ ಅಕ್ಕನಿಗೆ ಕಳಿಸಿದ್ದಳು, ಅಕ್ಕ ನಾದಿನಿಗೆ, ನಾದಿನಿ ತನ್ನ ಆಫೀಸಿನ ಗೆಳತಿಗೆ. ಅವರೆಲ್ಲರಿಗೂ ನಮ್ಮ ಮುಂದೆಯೇ ಕರೆ ಮಾಡಿಸಿದೆವು. ಔಷಧಿ ಅಂಗಡಿಯವರ ಹೆಂಡತಿ ಮಾತ್ರ ಮೊದಲ ದಿನವೇ, ಕೇಳುವ ಮುಂಚೆಯೇ ಅಳಿಸಿ, “ಪಾಪ, ಎಂಥ ಒಳ್ಳೆ ಹೆಣ್ಣುಮಗಳು” ಎಂದು ಕಣ್ಣೊರೆಸಿಕೊಂಡು ನಮಗೆ ಕುಡಿಯಲು ನೀರು ಕೊಟ್ಟಳು.

ಮೂರನೆಯ ದಿನ ಒಂದು ಮನೆಯಲ್ಲಿ ಹೆಂಗಸು ಬಾಗಿಲಿಗೆ ಒರಗಿ ನಿಂತು, “ಕಾಯಿಲೆ ಬಂದಿದ್ದನ್ನ ಮುಚ್ಚಿಡೋದು ಯಾಕೆ? ನಾವೇನು ತಿಂದುಬಿಡ್ತೀವಾ?” ಎಂದಳು. ಫೋನು ತೋರಿಸಲಿಲ್ಲ. ಅವಳ ಮೈಯ ಗುಟ್ಟೊಂದು ಅತ್ತೆಗೆ ಗೊತ್ತು ಎಂಬುದು ನನಗೆ ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ರಸ್ತೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ.

“ನಿನ್ನದೂ ನಮ್ಮ ಪೆಟ್ಟಿಗೇಲಿದೆ ಅಂತ ಒಂದು ಮಾತು ಹೇಳಿ ಅತ್ತೆ. ತೆಪ್ಪಗೆ ಅಳಿಸ್ತಾಳೆ.”

ಅತ್ತೆ ನಡೆಯುವುದನ್ನು ನಿಲ್ಲಿಸಿದರು. “ಆ ಮಾತು ಇನ್ನೊಂದು ಸಲ ನಿನ್ನ ಬಾಯಲ್ಲಿ ಬಂದ್ರೆ ನನ್ನ ಕತ್ತರಿ ಮುಟ್ಟಬೇಡ” ಎಂದರು. ಅವರು ನನಗೆ ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೊಂದೇ ಸಲ. ಆಮೇಲೆ ವಾಪಸ್ಸು ಅದೇ ಬಾಗಿಲಿಗೆ ಹೋಗಿ, ಆ ಹೆಂಗಸಿಗೆ ಕೈ ಮುಗಿದರು. ಅವಳು ಅಳಿಸಿದಳು. ಕೈ ಮುಗಿಯಬೇಕಾದವಳು ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಳು.

ನಾಲ್ಕನೆಯ ದಿನ ಮಧ್ಯಾಹ್ನಕ್ಕೆ ಪಟ್ಟಿಯ ಕೊನೆಯ ಹೆಸರಿಗೂ ಗುರುತು ಹಾಕಿದೆ. ಎಲ್ಲ ಫೋನಿನಿಂದಲೂ ಹೋಗಿತ್ತು, ನಮಗೆ ತಿಳಿದ ಮಟ್ಟಿಗೆ. ಟೀಚರಿಗೆ ಒಂದು ಮಾತು ಹೇಳಿ ಬರೋಣ ಎಂದು ಹಿಂದಿನ ಬೀದಿಗೆ ತಿರುಗಿದೆವು. ಟೀಚರ್ ಮನೆಯ ಗೇಟು ತೆಗೆದುಕೊಂಡು ಔಷಧಿ ಅಂಗಡಿಯವರ ಹೆಂಡತಿ ಹೊರಗೆ ಬರುತ್ತಿದ್ದಳು. ಕೈಯಲ್ಲಿ ಖಾಲಿ ಚೀಲ.

“ಹಣ್ಣು ಕೊಟ್ಟು ಬಂದೆ ಟೇಪಕ್ಕ” ಎಂದಳು. “ಆ ತಾಯಿ ಒಬ್ಬರೇ ಎಷ್ಟು ಕೊರಗ್ತಿದ್ದಾರೋ ಅಂತ ಸಮಾಧಾನ ಹೇಳೋಕೆ ಹೋಗಿದ್ದೆ. ನೋಡಿದ್ರೆ ಅವರಿಗೆ ವಿಷಯನೇ ಗೊತ್ತಿರಲಿಲ್ಲ. ಪಾಪ, ನನ್ನ ಕೈ ಹಿಡ್ಕೊಂಡು ಎರಡೆರಡು ಸಲ ಕೇಳಿದ್ರು.”

ಅತ್ತೆ ಅಲ್ಲೇ ಕಾಂಪೌಂಡಿನ ಗೋಡೆ ಹಿಡಿದು ಕೂತುಬಿಟ್ಟರು. ಆ ಹೆಂಗಸು ಕೆಟ್ಟವಳಲ್ಲ. ಫೋನಿನಿಂದ ಎಲ್ಲರಿಗಿಂತ ಮೊದಲು ಅಳಿಸಿದವಳು. ಬಾಯಿಂದ ಅಳಿಸುವುದು ಯಾರ ಕೈಲಾದೀತು.

ಎರಡು ದಿನ ಬಿಟ್ಟು ಟೀಚರ್ ನಮ್ಮ ಅಂಗಡಿಗೆ ಬಂದರು. ಪರದೆಯ ಒಳಗೆ ಹೋಗಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತರು.

“ಅಮ್ಮ ಅಳಲಿಲ್ಲ ಅಕ್ಕಾ. ಒಂದೇ ಮಾತು ಕೇಳಿದಳು. ‘ಟೈಲರಿಗೆ ಹೇಳಿದೆ. ನನಗೆ ಯಾಕೆ ಹೇಳಲಿಲ್ಲ?’ ಅಂದಳು. ಆಮೇಲೆ ಮಾತಾಡ್ತಾ ಇಲ್ಲ. ಊಟ ಬಡಿಸ್ತಾಳೆ, ತಟ್ಟೆ ತೊಳೀತಾಳೆ, ನನ್ನ ಕಡೆ ನೋಡಲ್ಲ” ಎಂದರು. ತಗಡಿನ ಪೆಟ್ಟಿಗೆಯ ಕಡೆ ನೋಡುತ್ತ, “ನನ್ನ ಹಾಳೆ ಕೊಟ್ಬಿಡಿ” ಎಂದರು.

ಅತ್ತೆ ಪೆಟ್ಟಿಗೆ ತೆಗೆದು, ಪುಸ್ತಕದಿಂದ ಆ ಹಾಳೆಯನ್ನು ಅಂಚು ಹರಿಯದ ಹಾಗೆ ಬಿಡಿಸಿ ಕೊಟ್ಟರು. ನೀಲಿ ಬ್ಲೌಸು ಕೊಡಲು ಹೋದರೆ ಟೀಚರ್ ಬೇಡ ಎಂದು ತಲೆ ಅಲ್ಲಾಡಿಸಿದರು. ಅವರು ಹೋದ ಮೇಲೆ ಅತ್ತೆ ಪುಸ್ತಕದ ಉಳಿದ ಹಾಳೆಗಳನ್ನೂ ಒಂದೊಂದಾಗಿ ಬಿಡಿಸಿದರು. ಒಂದು ತಿಂಗಳು ಹಿಡಿದು ಎಲ್ಲವನ್ನೂ ಅವರವರ ಮನೆಗೆ ತಲುಪಿಸಿದರು. ಗುಂಪನ್ನು ಮುಚ್ಚಿಸಿದರು. ಅರ್ಧಕ್ಕರ್ಧ ಜನ ಮತ್ತೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಲವತ್ತು ವರ್ಷದ ನಂಬಿಕೆಗೆ ಒಂದು ಫೋಟೋ ಸಾಕಾಯಿತು.

ಟೀಚರ್ ತಾಯಿ ಎಂಟು ತಿಂಗಳು ಬದುಕಿದ್ದರು. ಕೊನೆಕೊನೆಗೆ ಮಗಳ ಜೊತೆ ಅಷ್ಟಿಷ್ಟು ಮಾತಾಡಿದರಂತೆ, ಔಷಧಿ, ಹಾಲು, ಬಾಗಿಲು ಹಾಕು ಇಂಥ ಮಾತು. ಆ ಪ್ರಶ್ನೆಯನ್ನು ಇಬ್ಬರೂ ಮತ್ತೆ ಎತ್ತಲಿಲ್ಲವಂತೆ.

ಆಮೇಲೆ ಟೀಚರ್ ಪೇಟೆಯ ರೆಡಿಮೇಡ್ ಬಟ್ಟೆ ಹಾಕತೊಡಗಿದರು. ಶಾಲೆಗೆ ಹೋಗುವಾಗ ನಮ್ಮ ಬೀದಿಯ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಭಾರ ಒಂದೇ ಕಡೆಯಾಗಿ ಎಡಹೆಗಲು ಮೇಲೆದ್ದಿರುತ್ತಿತ್ತು. ಅತ್ತೆಯ ಕಣ್ಣು ಆಗ ಚೆನ್ನಾಗಿ ಕಾಣುತ್ತಿತ್ತು, ಅದೇ ಕಷ್ಟ. ಬೆಳಿಗ್ಗೆ ಒಂಬತ್ತೂವರೆಗೆ ಯಂತ್ರದ ಚಕ್ರದ ಮೇಲೆ ಕೈ ಇಟ್ಟು ಕಿಟಕಿಯಲ್ಲಿ ನೋಡುತ್ತ ಕೂರುತ್ತಿದ್ದರು. “ಮೂರು ವರ್ಷ ನೆಟ್ಟಗಿಟ್ಟಿದ್ದೆ ಕಣೇ ಆ ಹೆಗಲನ್ನ” ಎಂದು ಒಂದು ದಿನ ಹೇಳಿದರು. ನಾನು ಎದ್ದು ಒಳಗೆ ಹೋಗಿ ಅತ್ತುಬಿಟ್ಟೆ.

ಅವರು ಸಾಯುವವರೆಗೂ ಚಿತ್ರ ಹಾಕಿದ್ದು ತಾವೇ ಎಂದೇ ಹೇಳಿದರು. ನನ್ನ ಗಂಡನಿಗೂ ಹಾಗೇ ಹೇಳಿದ್ದರು. ಮಗ “ಅಮ್ಮ, ನಿನಗೆ ಫೋನ್ ಯಾಕೆ ಬೇಕಿತ್ತು” ಎಂದು ರೇಗಿದಾಗ, “ಬುದ್ಧಿ ಇರಲಿಲ್ಲ ಬಿಡಪ್ಪ” ಎಂದಿದ್ದರು. ಒಂದು ಸಲ ನಾನೇ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು. “ನಿನಗಿನ್ನೂ ಈ ಬೀದೀಲಿ ನಲವತ್ತು ವರ್ಷ ಹೊಲೀಬೇಕು. ನನ್ನದು ಮುಗೀತಲ್ಲ” ಎಂದು ಸೂಜಿಗೆ ದಾರ ಪೋಣಿಸಿದರು.

ಎರಡು ವರ್ಷದ ಮೇಲೆ ಅವರು ಹೃದಯ ನಿಂತು ತೀರಿಕೊಂಡರು. ತಗಡಿನ ಪೆಟ್ಟಿಗೆ ತೆಗೆದಾಗ ಅಳತೆಯ ಪುಸ್ತಕದ ಖಾಲಿ ರಟ್ಟಿನ ಕೆಳಗೆ ಮೂರು ಬ್ಲೌಸು ಇದ್ದವು. ಒಂದು ಆ ನೀಲಿಯದು, ಎರಡು ಹೊಸವು. ಎತ್ತಿದರೆ ಒಳಗೆ ಸಾಸಿವೆ ಸರಿದಾಡಿದ ಸದ್ದು. ಪ್ರತಿಯೊಂದರ ಒಳಗೂ ಒಳಮುಖವಾಗಿ ಚುಚ್ಚಿದ ಚೀಟಿ. ಬಿಡಿಸಿದೆ. ಮೂರರಲ್ಲೂ ಏನೂ ಬರೆದಿರಲಿಲ್ಲ.

ಬಟ್ಟೆ ಕಟ್ಟಿಕೊಂಡು ಟೀಚರ್ ಮನೆಗೆ ಹೋದೆ. ರಜಾದಿನ, ಅವರು ಮೇಜಿನ ತುಂಬ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದರು. ಗೋಡೆಯ ಮೇಲೆ ತಂಗಿಯ ಫೋಟೋ, ಪಕ್ಕದಲ್ಲಿ ತಾಯಿಯದು. ಕೂರು ಎಂದರು. ನಾನು ಕೂರಲಿಲ್ಲ.

“ಟೀಚರ್, ಆವತ್ತು ಚಿತ್ರ ಹಾಕಿದ್ದು ಅತ್ತೆ ಅಲ್ಲ. ನಾನು.”

“ಗೊತ್ತು” ಎಂದರು. ಪೆನ್ನು ಕೆಳಗಿಟ್ಟರು. “ಗೇಟಲ್ಲಿ ನಿಂತಾಗಲೇ ಗೊತ್ತಾಯ್ತು. ಕಣ್ಣು ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕ್ಕೊಂಡಿರೋರು ಫೋಟೋ ತೆಗೆದು ಕಳಿಸ್ತಾರಾ?”

“ಮತ್ತೆ ಯಾಕೆ ಸುಮ್ಮನಿದ್ರಿ?”

“ಮೂರು ವರ್ಷ ಅವರು ನನ್ನದನ್ನ ಮುಚ್ಚಿಟ್ರು. ಅವರದೊಂದು ನಾನು ಮುಚ್ಚಿಡಬಾರದಾ?”

ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವರು ಅಳಬೇಡ ಎನ್ನಲಿಲ್ಲ, ಅತ್ತು ಮುಗಿಯುವವರೆಗೆ ಕಾದರು. ಆಮೇಲೆ ನನ್ನ ಕೈಯಿಂದ ಕಟ್ಟು ತೆಗೆದುಕೊಂಡು ಒಳಗೆ ಹೋದರು. ಹೊಸ ಬ್ಲೌಸು ಹಾಕಿಕೊಂಡು ಬಂದು ಕನ್ನಡಿಯ ಮುಂದೆ ನಿಂತರು. ಅಳತೆ ತೆಗೆಯದೆ, ಹಾಳೆಯೂ ಇಲ್ಲದೆ, ನೆನಪಿನಿಂದ ಹೊಲಿದದ್ದು. ಒಂದು ಎಳೆಯೂ ಹೆಚ್ಚುಕಡಿಮೆ ಇರಲಿಲ್ಲ.

“ಹೆಗಲು ಸರಿ ಇದ್ಯಾ ನೋಡು” ಎಂದರು.

“ಸರಿ ಇದೆ ಟೀಚರ್.”

“ಅವರು ಕಿಟಕೀಲಿ ಕೂತು ನೋಡ್ತಾರೆ ಅಂತ ಗೊತ್ತಿತ್ತು ನನಗೆ. ಅದಕ್ಕೇ ಆಚೆ ಬದಿ ನಡೀತಿದ್ದೆ. ಕೋಪ ಇರಲಿಲ್ಲ. ಅಮ್ಮ ಹಾಗೆ ಕೇಳಿದ ಮೇಲೆ ಆ ಪರದೆ ಒಳಗೆ ಬರೋಕೆ ಕಾಲು ಬರಲಿಲ್ಲ ಅಷ್ಟೆ.” ಕನ್ನಡಿಯಲ್ಲೇ ನನ್ನನ್ನು ನೋಡಿದರು. “ಒಂದು ಸಲ ಬಂದಿದ್ರೆ ಆಗ್ತಿತ್ತು. ಎರಡು ವರ್ಷ ಆ ಹೆಂಗಸಿಗೆ ನನ್ನ ವಾಲಿದ ಹೆಗಲು ತೋರಿಸ್ಕೊಂಡು ಓಡಾಡಿದೆ.”

ಇದನ್ನು ಎಂದಾದರೂ ಬರೆಯಬಹುದಾ ಎಂದು ಕೇಳಿದೆ. ಹೆಸರು ಬೇಡ, ನಿನ್ನ ತಪ್ಪು ಬಿಡಬೇಡ ಎಂದರು. ಹೊರಡುವಾಗ ಕೈ ಚಾಚಿದರು. “ಚೀಟಿ ಕೊಡು. ನನ್ನದಲ್ವಾ ಅದು.”

ಬ್ಲೌಸುಗಳಿಂದ ಬಿಚ್ಚಿಟ್ಟುಕೊಂಡಿದ್ದ ಮೂರು ಖಾಲಿ ಚೀಟಿಗಳನ್ನೂ ಅವರ ಕೈಯಲ್ಲಿಟ್ಟೆ. ಅವರು ಅವನ್ನು ಒಟ್ಟಿಗೆ ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡು, ಗೇಟಿನವರೆಗೆ ನನ್ನ ಜೊತೆ ಬಂದರು.